ಗರ್ಭೋದಕವೂ ಶಿಶುವಿನ ಲಿಂಗವೂ: ಒಂದು ಐತಿಹಾಸಿಕ ಸಮೀಕ್ಷೆ

ಬಸುರಿಯ ಹೊಟ್ಟೆಯ ಆಕಾರವನ್ನು ನೋಡಿ ಗಂಡೋ ಹೆಣ್ಣೋ ಎಂದು ಊಹಿಸುವ ವಾಡಿಕೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಇಂದಿಗೂ ಅಳಿದಿಲ್ಲ. ‘ನೀರು ಹೆಚ್ಚಾಗಿದೆ’ ಎಂಬ ವೈದ್ಯರ ಮಾತಿಗೂ ಅದೇ ಅರ್ಥವನ್ನು ಹಚ್ಚುವವರುಂಟು. ಈ ಊಹೆಯ ಪೂರ್ವೇತಿಹಾಸವನ್ನೂ ಸತ್ಯಾಸತ್ಯತೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಬಾಹ್ಯ ಚಿಹ್ನೆಗಳಿಂದ ಗರ್ಭವನ್ನು ಅರಿಯುವ ಪ್ರಯತ್ನ ಬಹು ಪ್ರಾಚೀನವಾದುದು. ಬಲಸ್ತನದಲ್ಲಿ ಮೊದಲು ಹಾಲು ತೋರುವುದು, ಬಲಗಣ್ಣು ಹಿರಿದಾಗಿ ಕಾಣುವುದು ಪುತ್ರಜನನದ ಲಕ್ಷಣಗಳೆಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ಗಂಡುಶಿಶು ಬಲಕ್ಕೂ ಹೆಣ್ಣುಶಿಶು ಎಡಕ್ಕೂ ಇರುವುದೆಂದು ಗ್ರೀಸಿನ ಹಿಪೊಕ್ರಟೀಸನ ಹೆಸರಿನ ಸೂತ್ರಗಳು ಸಾರುತ್ತವೆ. ಬಲಭಾಗವೇ ಶ್ರೇಷ್ಠವೆಂಬ ಭಾವನೆ ಎರಡು ಕಡೆಗೂ ಸಮಾನವಾಗಿದ್ದುದು ಗಮನಾರ್ಹ.

ಲಿಂಗವನ್ನು ನಿರ್ಣಯಿಸುವುದು ವರ್ಣತಂತುಗಳೆಂದು 1905ರಲ್ಲಿ ನೆಟಿ ಸ್ಟೀವನ್ಸ್ ಮತ್ತು ಎಡ್ಮಂಡ್ ವಿಲ್ಸನ್ ಪ್ರತ್ಯೇಕವಾಗಿ ತೋರಿಸಿಕೊಟ್ಟರು. ಈ ನಿರ್ಣಯವು ಗರ್ಭಾಂಕುರದ ಕ್ಷಣದಲ್ಲಿಯೇ ಆಗಿಹೋಗುತ್ತದೆ; ಗರ್ಭೋದಕವಾದರೋ ತರುವಾಯ ತುಂಬಿಕೊಳ್ಳುವಂಥದು. ನಾಲ್ಕೈದು ತಿಂಗಳ ಮೇಲೆ ಅದು ಬಹುಮಟ್ಟಿಗೆ ಶಿಶುವಿನ ಮೂತ್ರವೇ ಆಗಿದ್ದು, ಶಿಶುವು ಅದನ್ನು ನುಂಗುತ್ತ ಸಮತೋಲವನ್ನು ಕಾಯುತ್ತದೆ. 34ನೆಯ ವಾರದ ಸುಮಾರಿಗೆ ಅದರ ಪ್ರಮಾಣ ಹೆಚ್ಚುಕಡಿಮೆ 800 ಮಿಲಿಲೀಟರು. ತಾಯಿಯ ಮಧುಮೇಹ, ಅವಳಿ ಗರ್ಭ, ಶಿಶುವಿನ ಅನ್ನನಾಳದ ತಡೆ ಮೊದಲಾದ ಕಾರಣಗಳಿಂದ ನೀರು ಮಿತಿಮೀರಬಹುದು. ಅನೇಕ ವೇಳೆ ಕಾರಣವೇ ತಿಳಿಯುವುದಿಲ್ಲ. ಅಕಾಲ ಪ್ರಸವ, ಹೊಕ್ಕುಳಬಳ್ಳಿ ಜಾರುವಿಕೆ, ಹೆರಿಗೆಯ ನಂತರದ ರಕ್ತಸ್ರಾವ ಇದರ ಅಪಾಯಗಳು. ಇದನ್ನು ಶುಭಾಶುಭ ಶಕುನವೆಂದು ಬಗೆದು ಸುಮ್ಮನಿದ್ದಲ್ಲಿ ತಾಯಿ-ಮಗು ಇಬ್ಬರಿಗೂ ಹಾನಿ ಒದಗೀತು.

ಪ್ರಮಾಣದಿಂದ ತಿಳಿಯದ ಸಂಗತಿಯನ್ನು ಅದೇ ನೀರಿನಲ್ಲಿ ತೇಲುವ ಜೀವಕೋಶಗಳು ತಿಳಿಸಬಲ್ಲವೆಂದು 1956ರಲ್ಲಿ ಕೋಪನ್‌ಹೇಗನ್ನಿನ ಫುಕ್ಸ್ ಮತ್ತು ರೀಸ್ ತೋರಿಸಿದರು. ಆನುವಂಶಿಕ ರೋಗಗಳ ಪತ್ತೆಗೆಂದು 1970ರ ದಶಕದಲ್ಲಿ ಭಾರತಕ್ಕೆ ಬಂದ ಈ ಪರೀಕ್ಷೆ ಹೆಣ್ಣುಭ್ರೂಣಹತ್ಯೆಗೆ ಸಾಧನವಾಯಿತು. ಮುಂದೆ ಅಲ್ಟ್ರಾಸೌಂಡ್ ಅದನ್ನು ಇನ್ನಷ್ಟು ಸುಲಭಗೊಳಿಸಿತು. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರೆ, 2001ರಲ್ಲಿ 946 ಮಾತ್ರ ಇದ್ದರು, 2011ರಲ್ಲಿ 948. ಪ್ರಸವಪೂರ್ವ ಲಿಂಗಪತ್ತೆಯನ್ನು ನಿಷೇಧಿಸುವ 1994ರ ಶಾಸನ 1996ರಿಂದ ಜಾರಿಯಲ್ಲಿದೆ.

ಬಲಗಣ್ಣಿನ ಲಕ್ಷಣದಿಂದ ಪ್ರಯೋಗಶಾಲೆಯವರೆಗೆ ಸಾಧನಗಳು ಬದಲಾದವು; ಕೇಳಿದ ಪ್ರಶ್ನೆ ಮಾತ್ರ ಬದಲಾಗಲಿಲ್ಲ. ನೀರು ಹೆಚ್ಚಿದ ಬಸುರಿಯ ವಿಷಯದಲ್ಲಿ ಮೊದಲು ಕೇಳತಕ್ಕ ಪ್ರಶ್ನೆ ಆಕೆಯ ರಕ್ತದಲ್ಲಿನ ಸಕ್ಕರೆಯನ್ನೂ ಶಿಶುವಿನ ಆರೋಗ್ಯವನ್ನೂ ಕುರಿತದ್ದಾಗಿದೆ.