ಸರ್ಟಿಫಿಕೇಟು ಕೇಳದ ವಿಶ್ವವಿದ್ಯಾಲಯ

1982ರ ಒಂದೇ ವರ್ಷದಲ್ಲಿ ಆಂಧ್ರಪ್ರದೇಶ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. ಫೆಬ್ರುವರಿಯಲ್ಲಿ ಟಿ. ಅಂಜಯ್ಯ ಇಳಿದರು, ಭವನಂ ವೆಂಕಟರಾಂ ಬಂದರು. ಸೆಪ್ಟೆಂಬರಿನಲ್ಲಿ ಅವರೂ ಹೋಗಿ ಕೋಟ್ಲ ವಿಜಯಭಾಸ್ಕರ ರೆಡ್ಡಿ ಬಂದರು. ನಡುವಿನ ವೆಂಕಟರಾಂ ಕುರ್ಚಿಯಲ್ಲಿ ಕೂತದ್ದು ಏಳು ತಿಂಗಳಿಗೂ ಕಡಿಮೆ. ಇಂದು ಅವರ ಹೆಸರು ಹೇಳಿದರೆ ಹೈದರಾಬಾದಿನಲ್ಲೇ ಬಹಳ ಜನಕ್ಕೆ ನೆನಪಾಗಲಿಕ್ಕಿಲ್ಲ. ಆದರೆ ಆ ಏಳು ತಿಂಗಳೊಳಗೆ, ಆಗಸ್ಟ್ 26ರಂದು, ಭಾರತದ ಮೊಟ್ಟಮೊದಲ ಮುಕ್ತ ವಿಶ್ವವಿದ್ಯಾಲಯವಾದ ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಅದು ಹುಟ್ಟಿ ಒಂದು ತಿಂಗಳು ತುಂಬುವ ಮೊದಲೇ ಮುಖ್ಯಮಂತ್ರಿ ಮಾಜಿಯಾದರು. ಮರುವರ್ಷದ ಜನವರಿಯಲ್ಲಿ ಎನ್.ಟಿ. ರಾಮರಾವ್ ಗೆದ್ದು ಕಾಂಗ್ರೆಸ್ಸೇ ಅಧಿಕಾರದಿಂದ ಹೋಯಿತು.

ಹಿಂದಿನ ಸರ್ಕಾರ ತರಾತುರಿಯಲ್ಲಿ ಹುಟ್ಟುಹಾಕಿದ ಸಂಸ್ಥೆಯನ್ನು ಮುಂದಿನವರು ಕಡತದಲ್ಲೇ ಒಣಗಿಸುವುದು ನಮ್ಮ ದೇಶದಲ್ಲಿ ಹೊಸದಲ್ಲ. ಇದು ಒಣಗಲಿಲ್ಲ. ಮೊದಲ ಕುಲಪತಿಯಾಗಿ ಬಂದ ಪ್ರೊ. ಜಿ. ರಾಮ್ ರೆಡ್ಡಿಯವರ ಪಾಲು ಇದರಲ್ಲಿ ದೊಡ್ಡದು ಎಂದು ನಾನು ನಂಬಿದ್ದೇನೆ.

ರಾಮ್ ರೆಡ್ಡಿ ತೆಲಂಗಾಣದ ಕರೀಂನಗರ ಸೀಮೆಯ ಹಳ್ಳಿಯಿಂದ ಬಂದವರು. ಓದಿದ್ದು, ಪಾಠ ಹೇಳಿದ್ದು ಸಾರ್ವಜನಿಕ ಆಡಳಿತ. ವಿಶೇಷ ಅಧ್ಯಯನ ಪಂಚಾಯತ್ ರಾಜ್ ವ್ಯವಸ್ಥೆಯದು. ತಾಲ್ಲೂಕು ಕಚೇರಿ ಹೇಗೆ ನಡೆಯುತ್ತದೆ, ಒಂದು ಸುತ್ತೋಲೆ ಹಳ್ಳಿ ಮುಟ್ಟಲು ಎಷ್ಟು ದಿನ ಬೇಕು ಎಂಬುದನ್ನು ಅಭ್ಯಾಸ ಮಾಡಿದ ಮನುಷ್ಯ. 1977ರಿಂದ ಐದು ವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಅಂಥ ಹಳೆಯ, ದೊಡ್ಡ ವಿಶ್ವವಿದ್ಯಾಲಯವನ್ನು ನಡೆಸಿದವರು ಕಟ್ಟಡವಿಲ್ಲದ, ವಿದ್ಯಾರ್ಥಿಗಳಿಲ್ಲದ, ಹೆಸರಿಗೆ ತೂಕವಿಲ್ಲದ ಒಂದು ಕೂಸನ್ನು ಎತ್ತಿಕೊಳ್ಳಲು ಒಪ್ಪಿದರು.

ಅದಕ್ಕೂ ಮೊದಲು ದಿಲ್ಲಿಯಲ್ಲಿ ಏನಾಗಿತ್ತು ಎಂದು ನೋಡಿದರೆ ಬೇಸರ ಬರುತ್ತದೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾಗಿ 1971ರ ಜನವರಿಯಲ್ಲಿ ಪಾಠಗಳ ಪ್ರಸಾರ ಶುರುಮಾಡಿತು. ಹಿಂದಿನ ಓದಿನ ಪ್ರಮಾಣಪತ್ರ ಕೇಳದೆ ಪದವಿಗೆ ಸೇರಿಸಿಕೊಳ್ಳುವುದು ಅದರ ತತ್ವ. ಭಾರತಕ್ಕೂ ಅಂಥದ್ದೊಂದು ಬೇಕು ಎಂದು ಜಿ. ಪಾರ್ಥಸಾರಥಿ ಅವರ ಅಧ್ಯಕ್ಷತೆಯ ಸಮಿತಿ 1974ರಲ್ಲೇ ಕೇಂದ್ರಕ್ಕೆ ಹೇಳಿತು. ಆಮೇಲೆ ಹನ್ನೊಂದು ವರ್ಷ ದಿಲ್ಲಿ ಸುಮ್ಮನಿತ್ತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಬಂದದ್ದು 1985ರ ಸೆಪ್ಟೆಂಬರಿನಲ್ಲಿ. ಅದನ್ನು ಕಟ್ಟಲು ಮೊದಲ ಕುಲಪತಿಯಾಗಿ ಕರೆದದ್ದು ಹೈದರಾಬಾದಿನ ಇದೇ ರಾಮ್ ರೆಡ್ಡಿಯವರನ್ನು.

ಹೈದರಾಬಾದಿನಲ್ಲಿ ಅವರು ಮಾಡಿದ್ದೇನು? ನನ್ನ ಲೆಕ್ಕದಲ್ಲಿ ಎರಡು ಗೋಡೆ ಒಡೆದರು. ಒಂದು ಎಲ್ಲರಿಗೂ ಕಾಣುವಂಥದ್ದು, ಸರ್ಟಿಫಿಕೇಟು. ಹತ್ತನೇ ಕ್ಲಾಸು ಮುಗಿಸದವರು, ಇಂಟರ್‌ಮೀಡಿಯೆಟ್ ಮೆಟ್ಟಿಲು ಹತ್ತದವರು ಕೂಡ, ನಿಗದಿತ ವಯಸ್ಸಾಗಿದ್ದರೆ, ಒಂದು ಅರ್ಹತಾ ಪರೀಕ್ಷೆ ಬರೆದು ಪಾಸಾಗಿ ನೇರವಾಗಿ ಪದವಿಯ ಮೊದಲ ವರ್ಷಕ್ಕೆ ಸೇರಬಹುದಿತ್ತು. ಓದಲು ಬರೆಯಲು ಬರುತ್ತದೆಯೇ, ಲೆಕ್ಕ ತಿಳಿಯುತ್ತದೆಯೇ, ಲೋಕದ ಅರಿವಿದೆಯೇ ಎಂದು ಇಂದಿನ ಮನುಷ್ಯನನ್ನು ಕೇಳುವುದು. ಹದಿನೈದು ವರ್ಷದ ಹಿಂದೆ ಯಾಕೆ ಶಾಲೆ ಬಿಟ್ಟೆ ಎಂದು ಕೇಳದಿರುವುದು. ಇಷ್ಟು ಘನತೆಯ ವ್ಯವಸ್ಥೆ ನಮ್ಮ ಉನ್ನತ ಶಿಕ್ಷಣದಲ್ಲಿ ಅಪರೂಪವಾಗಿತ್ತು.

ಎರಡನೆಯ ಗೋಡೆಯ ಬಗ್ಗೆ ಬರೆದವರು ಕಡಿಮೆ. ಅದು ವೇಳಾಪಟ್ಟಿ.

ಕಾಲೇಜಿನ ವರ್ಷ ಜೂನಿನಲ್ಲಿ ಶುರುವಾಗುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಪ್ರಶ್ನಿಸುವವರೇ ಇಲ್ಲ. ಬೇಸಿಗೆ ರಜೆ ಮುಗಿದು ಮುಂಗಾರು ಬರುವ ಹೊತ್ತಿಗೆ ಹೊಸ ಹಾಜರಿ ಪುಸ್ತಕ. ಅಪ್ಪ ಅಮ್ಮ ಶುಲ್ಕ ಕಟ್ಟುವ ಹದಿನೆಂಟರ ಹುಡುಗನಿಗೆ ಅದು ಸರಿ. ಸ್ವಂತ ದುಡಿಮೆಯಿಂದ ಓದಬೇಕಾದವರಿಗೆ ವರ್ಷದ ಅತ್ಯಂತ ಕೆಟ್ಟ ತಿಂಗಳು ಅದು. ಕಲಬುರಗಿ, ಬೀದರ್, ನಾರಾಯಣಪೇಟೆ ಕಡೆಯ ತೊಗರಿ ಸೀಮೆಯನ್ನೇ ನೋಡಿ. ಜೂನ್-ಜುಲೈ ಬಿತ್ತನೆ. ಬೀಜ, ಗೊಬ್ಬರ, ಕೂಲಿ ಎಂದು ಇದ್ದಬದ್ದ ಹಣವೆಲ್ಲ ಹೊಲ ಸೇರುವ ಕಾಲ. ಮನೆಯ ಮಕ್ಕಳ ಶಾಲೆಯ ಖರ್ಚೂ ಆಗಲೇ. ತೊಗರಿ ರಾಶಿಯಾಗಿ ಕೈಗೆ ದುಡ್ಡು ಬರುವುದು ಡಿಸೆಂಬರ್-ಜನವರಿಯಲ್ಲಿ. ಆಗ ಕಾಲೇಜಿಗೆ ಹೋಗಿ ಕೇಳಿದರೆ, ಪ್ರವೇಶಾತಿ ಮುಗಿದು ಆರು ತಿಂಗಳಾಯಿತು, ಬರುವ ವರ್ಷ ಬನ್ನಿ ಎನ್ನುತ್ತಾರೆ. ಬರುವ ವರ್ಷವೂ ಜೂನ್ ಬರುತ್ತದೆ, ಬಿತ್ತನೆಯೂ ಬರುತ್ತದೆ.

ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾಲಯ ವಾರದ ದಿನಗಳನ್ನು ಮೊದಲು ತಿರುಗಿಸಿತು. ಸ್ವಂತ ಕಾಲೇಜು ಕಟ್ಟಲಿಲ್ಲ. ಊರೂರಲ್ಲಿದ್ದ ಕಾಲೇಜುಗಳಲ್ಲೇ ಅಧ್ಯಯನ ಕೇಂದ್ರ ತೆರೆದು, ಅಲ್ಲಿನ ಅಧ್ಯಾಪಕರನ್ನೇ ಕರೆದು, ಭಾನುವಾರ ಮತ್ತು ರಜಾ ದಿನಗಳಲ್ಲಿ ಸಂಪರ್ಕ ತರಗತಿ ನಡೆಸಿತು. ಬೀಗ ಹಾಕಿದ ಕೊಠಡಿಗಳು ಬಸ್ ಕಂಡಕ್ಟರಿಗೆ, ಪೇದೆಗೆ, ಅಂಗನವಾಡಿ ಕಾರ್ಯಕರ್ತೆಗೆ ತೆರೆದುಕೊಂಡವು. ಆಕಾಶವಾಣಿಯಿಂದ ಪಾಠ ಬಂತು. ಪುಸ್ತಕಗಳನ್ನು ಒಬ್ಬನೇ ಕೂತು ಓದಿ ಅರ್ಥಮಾಡಿಕೊಳ್ಳುವವನಿಗಾಗಿ ಬರೆಸಿದರು. ಆ ತೆಲುಗು ಪುಸ್ತಕಗಳು ಎಷ್ಟು ಅಚ್ಚುಕಟ್ಟಾಗಿದ್ದವೆಂದರೆ, ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಇಂದಿಗೂ ಅವನ್ನು ಹುಡುಕಿ ಓದುತ್ತಾರೆ. 1991ರಲ್ಲಿ, ಅಂಬೇಡ್ಕರ್ ಜನ್ಮಶತಾಬ್ದಿಯ ಹೊತ್ತಿನಲ್ಲಿ, ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಟ್ಟರು. ಜುಬಿಲಿ ಹಿಲ್ಸ್‌ನಲ್ಲಿರುವ ಅದರ ಆವರಣದ ಮುಂದಿನ ರಸ್ತೆಗೆ ರಾಮ್ ರೆಡ್ಡಿಯವರ ಹೆಸರಿದೆ.

ಇದು ಹೈದರಾಬಾದಿನಲ್ಲೇ ಆದದ್ದು ಕಲ್ಯಾಣ ಕರ್ನಾಟಕದ ನಮಗೆ ಬೇರೆಯದೇ ರೀತಿಯಲ್ಲಿ ತಟ್ಟುತ್ತದೆ. 1956ರವರೆಗೆ ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದ್ ರಾಜ್ಯದಲ್ಲಿದ್ದವು. ಪದವಿ ಎಂದರೆ ಉಸ್ಮಾನಿಯಾ. ನಿಜಾಮರ ಕಾಲದಲ್ಲಿ ಅಲ್ಲಿ ಉರ್ದು ಮಾಧ್ಯಮ. ಕನ್ನಡದ ಹುಡುಗ ಮನೆಭಾಷೆ ಬಿಟ್ಟು, ಊರು ಬಿಟ್ಟು ಹೋಗಿ ಓದಬೇಕಿತ್ತು. 1938ರಲ್ಲಿ ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಿದರೆಂದು ಉಸ್ಮಾನಿಯಾ ನೂರಾರು ವಿದ್ಯಾರ್ಥಿಗಳನ್ನು ಹೊರಹಾಕಿದಾಗ, ಓದುವ ವರ್ಷ ಕಳೆದುಕೊಂಡವರಿಗೆ ಆಸರೆಯಾದದ್ದು ದೂರದ ನಾಗಪುರ ವಿಶ್ವವಿದ್ಯಾಲಯ. ಹಾಗೆ ಹೊರಬಿದ್ದು ನಾಗಪುರ, ಪುಣೆಗಳಲ್ಲಿ ಓದು ಮುಂದುವರಿಸಿದವರಲ್ಲಿ ವಾರಂಗಲ್ಲಿನ ಕಾಲೇಜಿನಲ್ಲಿದ್ದ ಪಿ.ವಿ. ನರಸಿಂಹರಾವ್ ಒಬ್ಬರು. 1985ರ ಸೆಪ್ಟೆಂಬರಿನಲ್ಲಿ ಇಗ್ನೋ ಹುಟ್ಟಿದ ದಿನಗಳಲ್ಲೇ ಅವರು ಕೇಂದ್ರದ ಮಾನವ ಸಂಪನ್ಮೂಲ ಸಚಿವರಾದರು. ನಡುವರ್ಷದಲ್ಲಿ ಬಾಗಿಲು ಮುಚ್ಚಿಸಿಕೊಂಡವರ ಕಷ್ಟ ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಇಗ್ನೋ ಜನವರಿ ಮತ್ತು ಜುಲೈ ಎಂದು ವರ್ಷಕ್ಕೆರಡು ಬಾರಿ ಪ್ರವೇಶ ಕೊಡುವ ಪದ್ಧತಿ ತಂದಿತು. ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದವರೆಗೆ ಮುಗಿಸಬಹುದು ಎಂದಿತು. ಹನ್ನೆರಡನೇ ತರಗತಿ ಮುಟ್ಟದವರಿಗೆ ಆರು ತಿಂಗಳ ಸಿದ್ಧತಾ ಕೋರ್ಸ್ ತೆರೆಯಿತು. ತೊಗರಿ ಮಾರಿದ ಹಣದಲ್ಲಿ ಓದುವವನಿಗೆ ಜನವರಿ ಬಂತು.

ಬಾಗಿಲು ತೆರೆದ ಹೊತ್ತಿಗೇ ಅದಕ್ಕೆ ಅಗಳಿ ಹಾಕುವ ಕೆಲಸವೂ ನಡೆದಿತ್ತು. 1985ರಲ್ಲೇ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ದೂರಶಿಕ್ಷಣದ ಪದವಿಗಳಿಗೆ ನಿಯಮ ಮಾಡಿತು: ಹನ್ನೆರಡು ವರ್ಷದ ಶಾಲಾ ಓದು ಬೇಕು, ಇಲ್ಲದವರು ಪ್ರವೇಶ ಪರೀಕ್ಷೆ ಬರೆಯಲಿ, ಆದರೆ ಸೇರುವ ವರ್ಷದ ಜುಲೈ 1ಕ್ಕೆ ಇಪ್ಪತ್ತೊಂದು ತುಂಬಿರಬೇಕು. ಇದು ಸಹಿಸಬಹುದಾದ ನಿಯಮವೇ. ಪೆಟ್ಟು ಬಿದ್ದದ್ದು ಮುಂದೆ. ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯ ಮುಕ್ತ ಪದ್ಧತಿಯಲ್ಲಿ ಮೊದಲ ಪದವಿಯೇ ಇಲ್ಲದವರಿಗೂ ಸ್ನಾತಕೋತ್ತರ ಪದವಿ ಕೊಟ್ಟಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2009ರಲ್ಲಿ ಅಂಥ ಪದವಿ ಯುಜಿಸಿ ನಿಯಮಕ್ಕೆ ವಿರುದ್ಧ ಎಂದು ತೀರ್ಪಾಯಿತು. ಕಾನೂನಿನ ದೃಷ್ಟಿಯಲ್ಲಿ ತೀರ್ಪು ಸರಿಯಿರಬಹುದು. ವಿಶ್ವವಿದ್ಯಾಲಯದ ಪ್ರಕಟಣೆಯನ್ನು ನಂಬಿ ಶುಲ್ಕ ಕಟ್ಟಿ, ರಾತ್ರಿ ಕೂತು ಓದಿ ಪಾಸಾದವರು ತಪ್ಪು ಮಾಡಿದ್ದೇನು? ಆ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ.

ನಮ್ಮ ರಾಜ್ಯದ ಕಥೆ ಇನ್ನೂ ಸಂಕಟದ್ದು. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಶಿಕ್ಷಣ ಶುರುಮಾಡಿತ್ತು. ಅಷ್ಟು ಮುಂಚೆ ಹೊರಟವರು ಮುಕ್ತ ವಿಶ್ವವಿದ್ಯಾಲಯ ಮಾಡಲು 1996ರವರೆಗೆ ಕಾದೆವು. ಹೈದರಾಬಾದಿಗಿಂತ ಹದಿನಾಲ್ಕು ವರ್ಷ ತಡ. ಆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಕನ್ನಡದಲ್ಲಿ ಓದುವ ಸಾವಿರಾರು ಶಿಕ್ಷಕರಿಗೆ, ನೌಕರರಿಗೆ, ಗೃಹಿಣಿಯರಿಗೆ ಪದವಿ ಕೊಟ್ಟಿತು. ರಾಜ್ಯದ ಗಡಿಯಾಚೆ ಖಾಸಗಿ ಕೇಂದ್ರಗಳನ್ನು ತೆರೆದ ತಪ್ಪಿಗೆ 2013-14ರಿಂದ ಯುಜಿಸಿ ಮಾನ್ಯತೆ ಕಳೆದುಕೊಂಡಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಸೇರಿದವರು ತಮ್ಮ ಅಂಕಪಟ್ಟಿ ಹಿಡಿದು ಬಡ್ತಿಗೂ ನೌಕರಿಗೂ ಅಲೆದಾಡಿದರು. ಇನ್ನು ಹೈದರಾಬಾದಿನ ಕನ್ನಡಿಗರ, ತೆಲಂಗಾಣದ ಗಡಿಯ ಕೃಷ್ಣಾ, ಮಖ್ತಲ್, ನಾರಾಯಣಪೇಟೆ ಸೀಮೆಯ ಕನ್ನಡಿಗರ ಪಾಡು ಬೇರೆ. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯದ ಮಾಧ್ಯಮ ತೆಲುಗು, ಇಂಗ್ಲಿಷ್, ಉರ್ದು. ರಾಜ್ಯದ ವಿಶ್ವವಿದ್ಯಾಲಯ ರಾಜ್ಯದ ಹೊರಗೆ ಕೇಂದ್ರ ತೆರೆಯುವಂತಿಲ್ಲ ಎಂಬ ನಿಯಮದಿಂದ ನಮ್ಮ ಮುಕ್ತ ವಿವಿ ಅಲ್ಲಿಗೆ ಹೋಗಲಾಗದು. ಕನ್ನಡದಲ್ಲಿ ಓದಬೇಕೆಂದರೆ ಅವರೇ ಗಡಿ ದಾಟಿ ಬರಬೇಕು. ಎರಡು ರಾಜ್ಯ ಸರ್ಕಾರಗಳು ಕೂತು ಮಾತಾಡಿದರೆ ಬಗೆಹರಿಯುವ ವಿಷಯವಿದು. ಯಾರೂ ಕೂತಿಲ್ಲ ಎಂಬುದು ನನ್ನ ಸಿಟ್ಟು.

2024ರ ಜೂನಿನಲ್ಲಿ ಯುಜಿಸಿ ಅಧ್ಯಕ್ಷ ಎಂ. ಜಗದೀಶ್ ಕುಮಾರ್, ಎಲ್ಲ ವಿಶ್ವವಿದ್ಯಾಲಯಗಳೂ ಬಯಸಿದರೆ ವರ್ಷಕ್ಕೆ ಎರಡು ಸಲ ಪ್ರವೇಶ ಕೊಡಬಹುದು ಎಂದು ಪ್ರಕಟಿಸಿದಾಗ ಪತ್ರಿಕೆಗಳು ಅದನ್ನು ಹೊಸ ವಿಚಾರದಂತೆ ಬರೆದವು. ಮುಕ್ತ ವಿಶ್ವವಿದ್ಯಾಲಯಗಳು ದಶಕಗಳಿಂದ ಮಾಡುತ್ತಿರುವುದು ಅದನ್ನೇ. ರಾಮ್ ರೆಡ್ಡಿಯವರೂ 1991ರಿಂದ ಅದೇ ಯುಜಿಸಿಯ ಅಧ್ಯಕ್ಷರಾಗಿದ್ದರು, 1995ರಲ್ಲಿ ತೀರಿಕೊಂಡರು.

ವರ್ಷಕ್ಕೆರಡು ಬಾರಿ ಬಾಗಿಲು ತೆರೆದರೆ ಸಾಲದು, ಯಾವಾಗ ತೆರೆಯುತ್ತದೆ ಎಂದು ಮುಂಚೆಯೇ ತಿಳಿಯಬೇಕು. ಯುಜಿಸಿ ಒಪ್ಪಿಗೆ ತಡವಾಗಿ, ಪ್ರಕಟಣೆ ತಡವಾಗಿ, ಕೊನೆಯ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಗುವುದು ದೂರಶಿಕ್ಷಣದಲ್ಲಿ ಮಾಮೂಲಾಗಿದೆ. ಊರಲ್ಲಿ ಕೂತು ಓದುವವನಿಗೆ ಮುಂದೂಡಿಕೆಯಿಂದ ಅನುಕೂಲ ಎಂದು ಅಧಿಕಾರಿಗಳು ತಿಳಿದಂತಿದೆ. ಅವನು ರಜೆ ಕೇಳಬೇಕು, ಪಾಳಿ ಬದಲಿಸಿಕೊಳ್ಳಬೇಕು, ಚೀಟಿ ಎತ್ತಬೇಕು. ಜನವರಿ ಪ್ರವೇಶದ ತಾರೀಖನ್ನು ಆಗಸ್ಟಿನಲ್ಲೇ, ಪರೀಕ್ಷೆಯ ತಾರೀಖನ್ನು ಪ್ರವೇಶದ ದಿನವೇ ಹೇಳಲು ವಿಶ್ವವಿದ್ಯಾಲಯಗಳಿಗೆ ಹೆಚ್ಚಿನ ಹಣವೇನೂ ಬೇಕಿಲ್ಲ. ಹೈದರಾಬಾದಿನದಾಗಲಿ ಮೈಸೂರಿನದಾಗಲಿ, ಮುಕ್ತ ವಿವಿಗಳು ಇಡೀ ವರ್ಷದ ವೇಳಾಪಟ್ಟಿಯನ್ನು ಒಮ್ಮೆ ಪ್ರಕಟಿಸಿ ಅದಕ್ಕೆ ಬದ್ಧವಾಗಿರಬೇಕು.

ಜನವರಿಗೆ ಸೇರಬೇಕೆಂದಿರುವ ಓದುಗರಿಗೆ ಒಂದು ಮಾತು. ಸೇರುವ ಕೋರ್ಸಿಗೆ ಆ ವರ್ಷದ ಒಪ್ಪಿಗೆ ಇದೆಯೇ ಎಂದು ಯುಜಿಸಿ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿದ ಮೇಲಷ್ಟೇ ಶುಲ್ಕ ಕಟ್ಟಿ. 2024ರಿಂದ ವಿದ್ಯಾರ್ಥಿಯೇ ಆ ವಿಭಾಗದ ಜಾಲತಾಣದಲ್ಲಿ ಗುರುತಿನ ಸಂಖ್ಯೆ ಪಡೆಯುವುದು ಕಡ್ಡಾಯವಾಗಿದೆ. ಅದಕ್ಕೆ ಆಧಾರ್, ಅಂಕಪಟ್ಟಿಗಳಲ್ಲಿನ ಹೆಸರು ಒಂದೇ ರೀತಿ ಇರಬೇಕು. ಹೆಸರಿನ ತಿದ್ದುಪಡಿಗೆ ವಾರಗಟ್ಟಲೆ ಹಿಡಿಯುವುದುಂಟು. ಕೊನೆಯ ವಾರದವರೆಗೆ ಕಾಯಬೇಡಿ, ದೀಪಾವಳಿ ಮುಗಿಯುತ್ತಲೇ ಕಾಗದಪತ್ರ ಸಿದ್ಧಮಾಡಿಟ್ಟುಕೊಳ್ಳಿ.