ದಿನದ ವಾಕ್ಯ, ದಿನದ ಪ್ರಾರ್ಥನೆ

ಕ್ರೈಸ್ತರ ಆಧ್ಯಾತ್ಮಿಕ ಬದುಕಿನಲ್ಲಿ ಬೈಬಲ್ ಓದುವುದು ಮತ್ತು ಪ್ರಾರ್ಥಿಸುವುದು ಒಂದೇ ಸಂಭಾಷಣೆಯ ಎರಡು ಭಾಗಗಳು. ಓದುವಾಗ ದೇವರು ಮಾತಾಡುತ್ತಾನೆ, ಪ್ರಾರ್ಥಿಸುವಾಗ ಮನುಷ್ಯ ಅದಕ್ಕೆ ಉತ್ತರ ಕೊಡುತ್ತಾನೆ ಎಂಬುದು ಸಭೆಯ ಹಳೆಯ ನಂಬಿಕೆ. ಕೇಳಿಸಿಕೊಳ್ಳದೆ ಮಾತಾಡುತ್ತಲೇ ಇದ್ದರೆ ಪ್ರಾರ್ಥನೆ ಬೇಡಿಕೆಗಳ ಪಟ್ಟಿಯಾಗಿಬಿಡುತ್ತದೆ. ಉತ್ತರ ಕೊಡದೆ ಓದುತ್ತಲೇ ಹೋದರೆ ಓದು ತಲೆಯಲ್ಲೇ ಉಳಿದು ಎದೆಗೆ ಇಳಿಯುವುದಿಲ್ಲ. ಇವೆರಡೂ ಕೂಡಿ, ದಿನವೂ, ಸ್ವಲ್ಪ ಸ್ವಲ್ಪವಾಗಿ ನಡೆದಾಗ ವಿಶ್ವಾಸ ಬಲಿಯುತ್ತದೆ. ಎರಡು ಸಾವಿರ ವರ್ಷಗಳಲ್ಲಿ ಬೇರೆ ಬೇರೆ ಪಂಥದವರು ತಮ್ಮದೇ ದಾರಿಗಳಲ್ಲಿ ಈ ಒಂದು ಅನುಭವಕ್ಕೆ ಬಂದು ಸೇರಿದ್ದಾರೆ.

ಈ ಅಭ್ಯಾಸದ ಬೇರು ಯೆಹೂದ್ಯರ ಮನೆಗಳಲ್ಲಿದೆ. ದೇವರ ಆಜ್ಞೆಗಳನ್ನು ಮಕ್ಕಳಿಗೆ ಕಲಿಸಬೇಕು, ಬೆಳಿಗ್ಗೆ ಏಳುವಾಗಲೂ ರಾತ್ರಿ ಮಲಗುವಾಗಲೂ ಅವುಗಳ ಮಾತು ಬಾಯಲ್ಲಿರಬೇಕು ಎಂದು ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ವಿಧಿಸುತ್ತದೆ. ಬಾಬೆಲಿನಲ್ಲಿ ಸೆರೆಯಾಳಾಗಿದ್ದ ದಾನಿಯೇಲ ಯೆರೂಸಲೇಮಿನ ಕಡೆಗಿದ್ದ ಕಿಟಕಿ ತೆರೆದು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದನು. ಯೇಸು ಬೆಳೆದದ್ದೂ ಈ ಸಂಪ್ರದಾಯದಲ್ಲೇ. ಇಡೀ ಊರು ಬಾಗಿಲ ಮುಂದೆ ನೆರೆದು ರೋಗಿಗಳನ್ನು ತಂದ ದಿನದ ಮರುದಿನ, ಇನ್ನೂ ಕತ್ತಲಿರುವಾಗಲೇ ಅವರು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರೆಂದು ಮಾರ್ಕನು ಬರೆಯುತ್ತಾನೆ. ಕೆಲಸ ಹೆಚ್ಚಿದಾಗ ಪ್ರಾರ್ಥನೆಯನ್ನು ಮುಂದೂಡುವವರು ಈ ಸಂಗತಿಯನ್ನು ಮತ್ತೆ ಮತ್ತೆ ಓದಬೇಕು. ಬೆರೋಯ ಪಟ್ಟಣದವರು ಪೌಲನ ಬೋಧನೆ ನಿಜವೋ ಎಂದು ದಿನವೂ ಶಾಸ್ತ್ರಗಳನ್ನು ಪರಿಶೀಲಿಸುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳ ಲೇಖಕ ಮೆಚ್ಚುಗೆಯಿಂದ ದಾಖಲಿಸಿದ್ದಾನೆ. ಮೊದಲನೆಯ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭಕ್ಕೆ ಸೇರಿದ ‘ದಿದಾಖೆ’ ಎಂಬ ಕಿರುಗ್ರಂಥ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆನ್ನುತ್ತದೆ.

ಆಗ ಮನೆಮನೆಯಲ್ಲಿ ಬೈಬಲ್ ಇರಲಿಲ್ಲ. ಕೈಬರಹದ ಪುಸ್ತಕ ಬಹಳ ದುಬಾರಿ, ಓದು ಬಲ್ಲವರೂ ಕಡಿಮೆ. ಬಹುಪಾಲು ಜನರಿಗೆ ವಾಕ್ಯ ಸಿಗುತ್ತಿದ್ದುದು ಕಿವಿಯ ಮೂಲಕ, ಉಳಿಯುತ್ತಿದ್ದುದು ಬಾಯಿಪಾಠದ ಮೂಲಕ. ಸುಮಾರು 530ರಲ್ಲಿ ಇಟಲಿಯ ಮೊಂಟೆ ಕಸೀನೊ ಮಠದಲ್ಲಿ ಸಂತ ಬೆನೆಡಿಕ್ಟ್ ಬರೆದ ನಿಯಮಾವಳಿಯಲ್ಲಿ ದಿನ ಪ್ರಾರ್ಥನೆ, ಕೈದುಡಿಮೆ, ಪವಿತ್ರ ವಾಚನ ಎಂದು ಹಂಚಿಕೆಯಾಗಿದೆ. 150 ಕೀರ್ತನೆಗಳನ್ನೂ ವಾರಕ್ಕೊಮ್ಮೆ ಪೂರ್ತಿ ಹಾಡಿ ಮುಗಿಸಬೇಕೆಂಬುದು ಅಲ್ಲಿನ ಕಟ್ಟಳೆ. ಹೀಗೆ ವರ್ಷಗಟ್ಟಲೆ ಹಾಡಿದ ಸನ್ಯಾಸಿಗೆ ಕೋಪ ಬಂದಾಗಲೂ ಸಾವು ಎದುರಾದಾಗಲೂ ಒದಗುತ್ತಿದ್ದುದು ಕೀರ್ತನೆಗಳ ಮಾತೇ.

ಇಂಥ ವಾಚನದ ಕ್ರಮವನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದವನು 12ನೆಯ ಶತಮಾನದ ಎರಡನೆಯ ಗ್ವೀಗೊ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ನಡುವಿನ ಗ್ರಾಂದ್ ಶಾರ್ತ್ರೂಸ್ ಮಠದ ಹಿರಿಯನಾಗಿದ್ದ ಅವನು ‘ಸನ್ಯಾಸಿಗಳ ಏಣಿ’ ಎಂಬ ಚಿಕ್ಕ ಕೃತಿಯಲ್ಲಿ ನಾಲ್ಕು ಮೆಟ್ಟಿಲುಗಳನ್ನು ಹೆಸರಿಸುತ್ತಾನೆ: ಓದು, ಮನನ, ಪ್ರಾರ್ಥನೆ, ದೈವಸನ್ನಿಧಿಯಲ್ಲಿ ಮೌನವಾಗಿ ನೆಲೆಸುವುದು. ‘ಲೆಕ್ಸಿಯೊ ದಿವೀನಾ’ ಎಂದು ಇಂದಿಗೂ ಕಥೋಲಿಕ ಧರ್ಮಕೇಂದ್ರಗಳಲ್ಲಿ ಕಲಿಸುವ ವಿಧಾನ ಇದೇ. ಹೇಳಲು ಸುಲಭವಾದ ಈ ಕ್ರಮ ನಿಜವಾಗಿ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಒಂದು ಭಾಗವನ್ನು ಹಿಡಿದು ನೋಡಬೇಕು.

ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದ ಕೊನೆಯಲ್ಲಿ ಯೆರಿಕೋವಿನ ಕುರುಡ ಬಾರ್ತಿಮಾಯನ ಪ್ರಸಂಗವಿದೆ. ಮೊದಲ ಓದಿನಲ್ಲಿ ಗಮನಿಸಬೇಕಾದ್ದು ನಡೆದದ್ದೇನು ಎಂಬುದನ್ನಷ್ಟೇ. ದಾರಿ ಪಕ್ಕದಲ್ಲಿ ಭಿಕ್ಷೆಗೆ ಕೂತವನು ಯೇಸು ಬರುತ್ತಿರುವ ಸುದ್ದಿ ಕೇಳಿ, ತನ್ನನ್ನು ಕರುಣಿಸುವಂತೆ ಕೂಗುತ್ತಾನೆ. ಸುತ್ತಲಿನವರು ಗದರುತ್ತಾರೆ, ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ನಿಲ್ಲುತ್ತಾರೆ, ಅವನನ್ನು ಕರೆಸುತ್ತಾರೆ. ಅವನು ಮೈಮೇಲಿನ ಹೊದಿಕೆ ಬಿಸುಟು ಎದ್ದು ಬರುತ್ತಾನೆ. ತಮ್ಮಿಂದ ಏನಾಗಬೇಕೆಂದು ಯೇಸು ಕೇಳುತ್ತಾರೆ. ಕುರುಡನು ದೃಷ್ಟಿ ಬೇಡುತ್ತಾನೆ, ಪಡೆಯುತ್ತಾನೆ, ಆ ದಾರಿಯಲ್ಲೇ ಅವರ ಹಿಂದೆ ಹೋಗುತ್ತಾನೆ. ಎರಡನೆಯ ಸಲ ನಿಧಾನವಾಗಿ ಓದುವಾಗ ಯಾವುದೋ ಒಂದು ವಿವರ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಒಬ್ಬರಿಗೆ ಅದು ಗದರಿದ ಜನ, ಇನ್ನೊಬ್ಬರಿಗೆ ಬಿಸುಟ ಹೊದಿಕೆ. ಹಿಂದಿನ ದಿನ ಅದೇ ಅಧ್ಯಾಯದ ಮೇಲಿನ ಭಾಗವನ್ನು ಓದಿದ್ದವರಿಗೆ ಮತ್ತೊಂದು ಸಂಗತಿ ಹೊಳೆಯುತ್ತದೆ. ಯೇಸು ಕುರುಡನಿಗೆ ಹಾಕಿದ ಪ್ರಶ್ನೆಯನ್ನೇ ಸ್ವಲ್ಪ ಮೊದಲು ತಮ್ಮ ಆಪ್ತ ಶಿಷ್ಯರಾದ ಯಾಕೋಬ ಯೋಹಾನರಿಗೂ ಹಾಕಿದ್ದರು. ಆ ಶಿಷ್ಯರು ಕೇಳಿದ್ದು ಮಹಿಮೆಯಲ್ಲಿ ಯೇಸುವಿನ ಎಡಬಲದ ಆಸನಗಳನ್ನು. ಕಣ್ಣಿದ್ದವರು ಪದವಿ ಬೇಡಿದರು, ಕಣ್ಣಿಲ್ಲದವನು ನೋಟ ಬೇಡಿದನು. ತಾನು ದೇವರಲ್ಲಿ ದಿನವೂ ಕೇಳುತ್ತಿರುವುದು ಇವೆರಡರಲ್ಲಿ ಯಾವುದು ಎಂದು ಓದುಗನು ತನ್ನನ್ನೇ ಪ್ರಶ್ನಿಸಿಕೊಳ್ಳುವುದು ಮನನ. ಆ ಪ್ರಶ್ನೆ ಒಳಗೆ ನೆಟ್ಟ ಮೇಲೆ ಪ್ರಾರ್ಥನೆಗೆ ಮಾತು ಹುಡುಕಬೇಕಾಗಿಲ್ಲ. ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಉಸಿರಿನೊಂದಿಗೆ ಜಪಿಸುವ ‘ಯೇಸುವಿನ ಪ್ರಾರ್ಥನೆ’ಯಲ್ಲಿ ಈ ಭಿಕ್ಷುಕನ ಕೂಗಿನ ದನಿಯೇ ಇದೆ. ಅಲ್ಲೊಂದು ಇಲ್ಲೊಂದು ವಚನ ಆರಿಸಿ ಓದುವವರಿಗೆ ಕುರುಡನಿಗೂ ಶಿಷ್ಯರಿಗೂ ಹಾಕಿದ ಪ್ರಶ್ನೆಗಳ ಈ ಹೊಂದಿಕೆ ಕಾಣುವುದಿಲ್ಲ. ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದಬೇಕೆಂದು ಹಿರಿಯರು ಒತ್ತಾಯಿಸುವುದು ಇದಕ್ಕಾಗಿ.

ಮುದ್ರಣಯಂತ್ರ ಬಂದ ಮೇಲೆ ಮಠದ ಅಭ್ಯಾಸ ಮನೆಗೆ ಬಂತು. ಪೀಟರ್ ಎಂಬ ಕ್ಷೌರಿಕ, ಪ್ರಾರ್ಥಿಸುವುದು ಹೇಗೆಂದು ಮಾರ್ಟಿನ್ ಲೂಥರನನ್ನು ಕೇಳಿದ. ಲೂಥರ್ 1535ರಲ್ಲಿ ಅವನಿಗಾಗಿಯೇ ಒಂದು ಪುಸ್ತಿಕೆ ಬರೆದ. ದೊಡ್ಡ ಪಂಡಿತನೊಬ್ಬ ಕಸುಬುದಾರನ ಪ್ರಶ್ನೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದೇ ಒಂದು ಹಿರಿಮೆ. ದಶಾಜ್ಞೆಗಳಲ್ಲಿ ಒಂದನ್ನು ಎತ್ತಿಕೊಂಡು ನಾಲ್ಕು ಬಗೆಯಲ್ಲಿ ಯೋಚಿಸು ಎನ್ನುತ್ತಾನೆ ಲೂಥರ್: ಇದು ಏನು ಕಲಿಸುತ್ತದೆ, ಇದಕ್ಕಾಗಿ ಯಾವ ಕೃತಜ್ಞತೆ ಸಲ್ಲಬೇಕು, ನಾನು ಎಲ್ಲಿ ತಪ್ಪಿದ್ದೇನೆ, ಈಗ ಏನು ಬೇಡಬೇಕು. ಕ್ಷೌರಿಕನ ಗಮನ ಕತ್ತಿಯ ಮೇಲೂ ಕೂದಲಿನ ಮೇಲೂ ಇಲ್ಲದಿದ್ದರೆ ಎದುರಿಗೆ ಕೂತವನ ಮೂಗು ಉಳಿಯುವುದಿಲ್ಲ, ಪ್ರಾರ್ಥನೆಗೂ ಅಷ್ಟೇ ಏಕಾಗ್ರತೆ ಬೇಕು ಎಂಬುದು ಅವನ ಎಚ್ಚರಿಕೆ. ಪ್ರಾರ್ಥಿಸುವಾಗ ಒಂದು ವಿಚಾರ ಬಲವಾಗಿ ಮನಸ್ಸಿಗೆ ಬಂದರೆ ಮಿಕ್ಕ ಕ್ರಮವನ್ನು ಬಿಟ್ಟು ಅದನ್ನೇ ಆಲಿಸಬೇಕೆಂದೂ ಅವನು ಹೇಳುತ್ತಾನೆ.

ಇಂಗ್ಲೆಂಡಿನಲ್ಲಿ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ರೂಪಿಸಿದ 1549ರ ಸಾಮಾನ್ಯ ಪ್ರಾರ್ಥನಾ ಪುಸ್ತಕ ಬೆಳಗು ಸಂಜೆಗಳ ಪ್ರಾರ್ಥನೆಯನ್ನು ಜನಭಾಷೆಗೆ ತಂದು, ಕೀರ್ತನೆಗಳನ್ನು ತಿಂಗಳಿಗೊಮ್ಮೆ ಮುಗಿಸುವಂತೆ ಹಂಚಿತು. ಸ್ಕಾಟ್ಲೆಂಡಿನ ಡಂಡಿಯ ಯುವ ಬೋಧಕ ರಾಬರ್ಟ್ ಮರ್ರೆ ಮಕ್‌ಚೇನ್ 1842ರಲ್ಲಿ ತನ್ನ ಸಭೆಗಾಗಿ ಒಂದು ವರ್ಷದ ಓದಿನ ಪಟ್ಟಿ ಮಾಡಿದ. ಹಳೆ ಒಡಂಬಡಿಕೆಯನ್ನು ಒಂದು ಸಲ, ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ಎರಡು ಸಲ ಮುಗಿಸುವ ಈ ಪಟ್ಟಿಯನ್ನು ಇಂದಿಗೂ ಬಹಳ ಮಂದಿ ಬಳಸುತ್ತಾರೆ. ಪಟ್ಟಿಗಿಂತ ಅದರ ಜೊತೆ ಅವನು ಬರೆದ ಎಚ್ಚರಿಕೆಗಳೇ ಹೆಚ್ಚು ಬೆಲೆಯುಳ್ಳವು. ಓದು ಬರೀ ಆಚಾರವಾಗಬಹುದು, ಇಂದಿನ ಪಾಲು ಮುಗಿಸಿದೆನೆಂಬ ಹೆಮ್ಮೆ ಹುಟ್ಟಬಹುದು, ಅವಸರದಲ್ಲಿ ಕಣ್ಣು ಮಾತ್ರ ಓಡಬಹುದು, ಕೊನೆಗೆ ಅದು ಹೊರಲಾಗದ ನೊಗವಾಗಬಹುದು ಎಂದು ಅವನು ಮೊದಲೇ ಕಂಡಿದ್ದ. ಜನವರಿಯಲ್ಲಿ ಉತ್ಸಾಹದಿಂದ ಹೊರಟು ಯಾಜಕಕಾಂಡದ ಹೊತ್ತಿಗೆ ಸೋತು ನಿಂತವರಿಗೆಲ್ಲ ಇದು ಅನುಭವಕ್ಕೆ ಬಂದ ಮಾತು. ಪ್ರೊಟೆಸ್ಟೆಂಟ್ ಬೈಬಲಿನ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರು ನಾಲ್ಕು ಅಧ್ಯಾಯ ಬೇಕು. ಆರಂಭಿಸುವವರಿಗೆ ಅದು ಭಾರವೇ ಸರಿ.

ಅದಕ್ಕೆ ವಿರುದ್ಧ ತುದಿಯಲ್ಲಿದೆ ದಿನಕ್ಕೊಂದೇ ವಚನದ ಪದ್ಧತಿ. ಜರ್ಮನಿಯ ಹೆರ್ನ್‌ಹೂಟ್ ಎಂಬಲ್ಲಿ ನೆಲೆಸಿದ್ದ ಮೊರೇವಿಯನ್ ಸಭೆಯವರಿಗೆ ಅವರ ನಾಯಕ ಕೌಂಟ್ ಝಿನ್ಜೆಂಡೋರ್ಫ್ 1728ರ ಮೇ 3ರ ಸಂಜೆ ಮರುದಿನಕ್ಕೆಂದು ಒಂದು ವಾಕ್ಯ ಕೊಟ್ಟನು. ಅದನ್ನು ಮನೆಮನೆಗೆ ತಲುಪಿಸುವುದು ರೂಢಿಯಾಯಿತು. 1731ಕ್ಕೆ ಇಡೀ ವರ್ಷದ ವಚನಗಳು ಪುಸ್ತಕವಾದವು. ‘ಲೋಜುಂಗೆನ್’ ಎಂಬ ಈ ಪುಸ್ತಕ ಅಂದಿನಿಂದ ಪ್ರತಿ ವರ್ಷವೂ ಬರುತ್ತಿದೆ. ಹಳೆ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಜೊತೆಗಿಡುತ್ತಾರೆ.

ಈ ಪುಸ್ತಕವನ್ನು ದಿನವೂ ಓದುತ್ತಿದ್ದವರಲ್ಲಿ ಜರ್ಮನ್ ದೇವಶಾಸ್ತ್ರಜ್ಞ ಡೀಟ್ರಿಖ್ ಬಾನ್‌ಹೋಫರ್ ಒಬ್ಬರು. 1935ರಿಂದ 1937ರವರೆಗೆ ಫಿಂಕೆನ್‌ವಾಲ್ಡೆಯಲ್ಲಿ ಅವರು ನಡೆಸಿದ ಬೋಧಕರ ತರಬೇತಿ ಶಾಲೆಯಲ್ಲಿ ವಿದ್ಯಾರ್ಥಿಗಳು ವಾರವಿಡೀ ಒಂದೇ ಭಾಗವನ್ನು ಹಿಡಿದು ದಿನಕ್ಕೆ ಅರ್ಧ ಗಂಟೆ ಮೌನವಾಗಿ ಧ್ಯಾನಿಸಬೇಕಿತ್ತು. ನಾಜಿ ಪೊಲೀಸರು ಆ ಶಾಲೆಯನ್ನು ಮುಚ್ಚಿಸಿದರು. 1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಎಲ್ಲೆಡೆ ಯೆಹೂದ್ಯರ ಸಭಾಮಂದಿರಗಳಿಗೆ ಬೆಂಕಿ ಬಿತ್ತು. ಬಾನ್‌ಹೋಫರ್ ತಮ್ಮ ಬೈಬಲಿನಲ್ಲಿ, ಶತ್ರುಗಳು ದೇವರ ಮಂದಿರಗಳನ್ನು ಸುಡುವುದನ್ನು ಹೇಳುವ 74ನೆಯ ಕೀರ್ತನೆಯ 8ನೆಯ ವಚನದ ಪಕ್ಕದಲ್ಲಿ ಆ ತಾರೀಖನ್ನು ಬರೆದಿಟ್ಟರು. 1939ರ ಜೂನಿನಲ್ಲಿ ಅವರು ನ್ಯೂಯಾರ್ಕಿನಲ್ಲಿ ಸುರಕ್ಷಿತರಾಗಿದ್ದರು. ಸ್ವದೇಶಕ್ಕೆ ಮರಳುವ ಮನಸ್ಸು ಮಾಡಿದ್ದ ಆ ದಿನಗಳಲ್ಲಿ, ಚಳಿಗಾಲಕ್ಕೆ ಮುಂಚೆ ಬಂದು ಸೇರುವಂತೆ ಪೌಲನು ತಿಮೊಥೆಯನನ್ನು ಕರೆಯುವ ಮಾತು ಅವರ ಓದಿಗೆ ಬಂತು. ಅದು ತಮ್ಮನ್ನೇ ಕರೆದಂತಿದೆ ಎಂದು ದಿನಚರಿಯಲ್ಲಿ ಬರೆದರು, ಜರ್ಮನಿಗೆ ಮರಳಿದರು. ನಾಜಿಗಳನ್ನು ವಿರೋಧಿಸಿದ್ದಕ್ಕಾಗಿ 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ನಿತ್ಯದ ಓದು ಮನಸ್ಸಿಗೆ ನೆಮ್ಮದಿ ಕೊಡುವ ಸಾಧನ ಮಾತ್ರ ಎಂದುಕೊಂಡವರು ಈ ಬದುಕನ್ನು ನೋಡಬೇಕು.

ಕನ್ನಡದ ಕ್ರೈಸ್ತರಿಗೆ ಈ ಅಭ್ಯಾಸ ಪ್ರೊಟೆಸ್ಟೆಂಟ್ ಮತ್ತು ಕಥೋಲಿಕ ಎಂಬ ಎರಡು ದಾರಿಗಳಲ್ಲಿ ಬಂತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮನೆಯಲ್ಲಿ ಬೈಬಲ್ ಓದುವುದನ್ನು ಭಕ್ತಿಯ ತಿರುಳೆಂದು ಬಗೆದ ಜರ್ಮನ್ ಪರಂಪರೆಯದು. ಪ್ರೊಟೆಸ್ಟೆಂಟ್ ಮನೆಗಳಲ್ಲಿ ಒಂದು ಅಧ್ಯಾಯ, ಒಂದು ಗೀತೆ, ಒಂದು ಪ್ರಾರ್ಥನೆಯ ಕುಟುಂಬ ಆರಾಧನೆ ಆ ಪರಂಪರೆಯ ಕೊಡುಗೆ. ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆ ಇಗರ್ಜಿಯ ಗಂಟೆಗೆ ‘ಆಮೊರಿ’ ಎಂಬ ಪ್ರಾರ್ಥನೆ, ಆಮೇಲೆ ಮನೆಮಂದಿಯೆಲ್ಲ ಕೂಡಿ ‘ತೇರ್ಸ್’ ಅಂದರೆ ಜಪಸರ, ಕೊನೆಗೆ ಕಿರಿಯರು ಹಿರಿಯರಿಂದ ‘ಬೆಸಾಂವ್’ ಅಂದರೆ ಆಶೀರ್ವಾದ ಬೇಡುವುದು. ಜಪಸರವನ್ನು ಬರೀ ಬಾಯಿಜಪವೆಂದು ತಿಳಿಯುವುದು ಅನ್ಯಾಯ. ಮಣಿ ಎಣಿಸುವಾಗ ಮನಸ್ಸಿನಲ್ಲಿ ನಡೆಯಬೇಕಾದ್ದು ಯೇಸುವಿನ ಜನನ, ಯಾತನೆ, ಪುನರುತ್ಥಾನಗಳ ಧ್ಯಾನ. ಓದು ಬಾರದ ಜನರಿಗೆ 150 ಕೀರ್ತನೆಗಳ ಜಾಗದಲ್ಲಿ 150 ‘ನಮೋ ಮರಿಯ’ ಒದಗಿ ಬಂದಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಎಲ್ಲ ಕಥೋಲಿಕರೂ ಶಾಸ್ತ್ರವನ್ನು ಪದೇ ಪದೇ ಓದಬೇಕೆಂದು, ಓದಿನ ಜೊತೆ ಪ್ರಾರ್ಥನೆ ಇರಬೇಕೆಂದು ಕರೆಕೊಟ್ಟ ಮೇಲೆ ಈ ಎರಡು ದಾರಿಗಳು ಹತ್ತಿರವಾಗಿವೆ.

ವರ್ಷಗಳ ಅಭ್ಯಾಸದಲ್ಲಿ ಎಲ್ಲರಿಗೂ ಒಣ ದಿನಗಳು ಬರುತ್ತವೆ. ವಾಕ್ಯ ಸಪ್ಪೆಯೆನಿಸುತ್ತದೆ, ಪ್ರಾರ್ಥನೆ ಚಾವಣಿಗೆ ತಾಗಿ ಮರಳಿದಂತಾಗುತ್ತದೆ. ಅಂಥ ಹೊತ್ತಿನಲ್ಲಿ ಪ್ರಾರ್ಥನೆಯ ಸಮಯವನ್ನು ಮೊಟಕುಗೊಳಿಸದೆ ತುಸು ಹೆಚ್ಚೇ ಕೂರಬೇಕು, ಹಿಂದೆ ಮಾಡಿದ ಒಳ್ಳೆಯ ನಿರ್ಧಾರಗಳನ್ನು ಆಗ ಬದಲಿಸಬಾರದು ಎಂದು ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ 1548ರಲ್ಲಿ ಅಚ್ಚಾದ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ ಹೇಳುತ್ತಾರೆ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲವೆಂದು ತಿಳಿದು ಲೋಕ ಬೆರಗಾಯಿತು. ಆ ದಶಕಗಳುದ್ದಕ್ಕೂ ಅವರು ಬೆಳಗಿನ ಪ್ರಾರ್ಥನೆಯನ್ನೂ ಬಡವರ ಸೇವೆಯನ್ನೂ ಬಿಟ್ಟಿರಲಿಲ್ಲ. ವಿಶ್ವಾಸದ ಆಳವನ್ನು ಭಾವನೆಯ ಬಿಸಿಯಿಂದ ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಒಂಟಿ ಓದಿಗೆ ಇನ್ನೊಂದು ಅಪಾಯವೂ ಇದೆ. ಸಂದರ್ಭದಿಂದ ಕಿತ್ತ ವಚನ ಯಾವ ವಾದಕ್ಕೂ ಒಗ್ಗುತ್ತದೆ. ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡವರೂ ಬೈಬಲಿನ ವಚನಗಳನ್ನೇ ಉದ್ಧರಿಸಿದ್ದರು. ಪೌಲನ ಪತ್ರಗಳಲ್ಲಿ ತಿಳಿಯಲು ಕಷ್ಟವಾದ ಮಾತುಗಳಿವೆ, ಕೆಲವರು ಅವನ್ನು ತಿರುಚುತ್ತಾರೆ ಎಂದು ಪೇತ್ರನ ಎರಡನೆಯ ಪತ್ರಿಕೆಯೇ ಒಪ್ಪಿಕೊಳ್ಳುತ್ತದೆ. ಆದ್ದರಿಂದ ಮನೆಯಲ್ಲಿ ಓದಿದ್ದನ್ನು ಪ್ರಾರ್ಥನಾ ಕೂಟದಲ್ಲಿ ಹಂಚಿಕೊಳ್ಳುವುದು, ಸಭಾಪಾಲಕರನ್ನೋ ಗುರುಗಳನ್ನೋ ಕೇಳುವುದು, ಒಳ್ಳೆಯ ವ್ಯಾಖ್ಯಾನದ ಪುಸ್ತಕ ನೋಡುವುದು ಅಗತ್ಯ. ಕೊನೆಯ ಪರೀಕ್ಷೆ ನಡತೆಯದು. ವಾಕ್ಯ ಕೇಳಿ ಅದರಂತೆ ನಡೆಯದವನು ತನ್ನನ್ನೇ ಮೋಸಗೊಳಿಸಿಕೊಳ್ಳುತ್ತಾನೆಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ. ಬೆಳಿಗ್ಗೆ ಕ್ಷಮೆಯ ಅಧ್ಯಾಯ ಓದಿದವರು ಸಂಜೆಯೊಳಗೆ ಮುನಿಸಿಕೊಂಡ ಅಣ್ಣನಿಗೋ ನೆರೆಯವರಿಗೋ ಒಂದು ಮಾತು ಕಳಿಸಿದರೆ ಓದು ಸಾರ್ಥಕ.

ಹೊಸದಾಗಿ ಆರಂಭಿಸುವವರು ಮಾರ್ಕನ ಸುವಾರ್ತೆಯಿಂದ ಶುರುಮಾಡಲಿ. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು ಅದೇ, 16 ಅಧ್ಯಾಯ. ದಿನಕ್ಕೆ ಒಂದು ಪ್ರಸಂಗ, ಅದರೊಂದಿಗೆ ಒಂದು ಕೀರ್ತನೆ, ಗಟ್ಟಿಯಾಗಿ ಓದಿದರೂ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ಹತ್ತು ನಿಮಿಷ ಪ್ರಾರ್ಥನೆಗಿರಲಿ. ಒಂದು ದಿನ ತಪ್ಪಿದರೆ ಬಾಕಿ ತೀರಿಸಲು ಹೋಗದೆ, ಮರುದಿನ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಯಲಿ.