ಗಡಿಸೀಮೆಯ ಹೆಸರುಗಳಲ್ಲಿ ಹೂವು

ಬೀದರ, ಭಾಲ್ಕಿ ಮತ್ತು ಔರಾದ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಹಾಗೂ ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವುದರಿಂದ, ಹೂವಿನಿಂದ ಹುಟ್ಟಿದ ವ್ಯಕ್ತಿನಾಮಗಳು ಇಲ್ಲಿ ದೊರೆಯುವಷ್ಟು ಬಗೆಬಗೆಯಾಗಿ ಕರ್ನಾಟಕದ ಬೇರೆ ಭಾಗಗಳಲ್ಲಿ ದೊರೆಯುವುದು ಕಡಿಮೆ. ಮಲ್ಲಿಗೆಯ ಕುಲಕ್ಕೆ ಸೇರಿದ ಹೂಗಳೇ ಕನ್ನಡದ ಮನೆಯಲ್ಲಿ ಮಲ್ಲಿಕಾ ಎಂದೂ ಮರಾಠಿ ಮನೆಯಲ್ಲಿ ಜಾಯಿ, ಜುಯಿ ಎಂದೂ ಉರ್ದು ಮನೆಯಲ್ಲಿ ಯಾಸ್ಮೀನ್ ಎಂದೂ ಮಗಳ ಹೆಸರಾಗಿವೆ. ಹೆಸರಿನ ಕೊನೆಗೆ ಸೇರುವ ಅಮ್ಮ, ಬಾಯಿ, ಬೇಗಂ ಎಂಬ ಪದಗಳು ಮನೆಮಾತನ್ನು ಸೂಚಿಸಿದರೆ, ಮೊದಲಿಗೆ ಬರುವ ಹೂವು ಆ ಮಾತು ನಡೆದುಬಂದ ದಾರಿಯನ್ನು ತಿಳಿಸುತ್ತದೆ.

ಅಚ್ಚಗನ್ನಡದ ಹೂವಿನ ಹೆಸರುಗಳಲ್ಲಿ ಮೊದಲು ನೆನೆಯಬೇಕಾದದ್ದು ಹೂವಮ್ಮ. ಹಳಗನ್ನಡದ 'ಪೂ' ಎಂಬ ಪದ ಕಾಲಕ್ರಮದಲ್ಲಿ ಪಕಾರ ಹಕಾರವಾಗಿ 'ಹೂ' ಆಯಿತು; ಕೊಡವ ಭಾಷೆಯಲ್ಲಿ ಆ ಮಾರ್ಪಾಟು ಆಗದಿರುವುದರಿಂದ ಕೊಡಗಿನ ಪೂವಮ್ಮ ಮತ್ತು ಕಲ್ಯಾಣ ಕರ್ನಾಟಕದ ಹೂವಮ್ಮ ಒಂದೇ ಹೆಸರಿನ ಎರಡು ರೂಪಗಳೆನ್ನಬೇಕು. ಮಲ್ಲಿಕಾರ್ಜುನ ಎಂಬ ಹೆಸರಿನ ಬೇರು ಶ್ರೀಶೈಲದಲ್ಲಿದೆ. ಚಂದ್ರಾವತಿ ಎಂಬ ರಾಜಕುಮಾರಿ ಅಲ್ಲಿನ ಲಿಂಗವನ್ನು ಮಲ್ಲಿಗೆಯಿಂದ ಪೂಜಿಸಿದಳೆಂದು ಸ್ಥಳಪುರಾಣ ಹೇಳುತ್ತದೆ. 'ಅರ್ಜುನ' ಎಂಬುದಕ್ಕೆ ಬಿಳುಪು ಎಂದೂ ಮತ್ತಿಮರವೆಂದೂ ಅರ್ಥಗಳಿವೆ. ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತದ ಅಕ್ಕಮಹಾದೇವಿ ಮತ್ತು ಅದೇ ದೈವದ ಭಕ್ತೆಯಾದ ಹೇಮರಡ್ಡಿ ಮಲ್ಲಮ್ಮ, ಇವರಿಬ್ಬರ ಪ್ರಭಾವದಿಂದ ಈ ಹೆಸರು ಮನೆಮನೆಗೂ ತಲುಪಿತು. ಆದರೆ ಎಲ್ಲ ಮಲ್ಲಮ್ಮ, ಮಲ್ಲಪ್ಪಂದಿರನ್ನೂ ಮಲ್ಲಿಗೆಯ ಕಡೆಗೆ ಎಳೆಯುವುದು ಸರಿಯಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನು ಮರಾಠಿಗರ ಖಂಡೋಬನೇ ಆಗಿದ್ದು, ಆ ಪರಂಪರೆಯಲ್ಲಿ ಮಲ್ಲನೆಂಬುದು ದೇವರು ಸಂಹರಿಸಿದ ಅಸುರನ ಹೆಸರು. ಮನೆತನದ ಒಕ್ಕಲು ಶ್ರೀಶೈಲಕ್ಕೋ ಮೈಲಾರಕ್ಕೋ ಎಂಬುದನ್ನು ತಿಳಿದ ಮೇಲಷ್ಟೇ ಅಲ್ಲಿನ ಮಲ್ಲಮ್ಮನ ಹೆಸರಿನಲ್ಲಿ ಹೂವಿದೆಯೇ ಎಂದು ನಿರ್ಧರಿಸಬಹುದು.

ಮಹಾರಾಷ್ಟ್ರಕ್ಕೆ ಅಂಟಿಕೊಂಡ ಔರಾದದ ಕಡೆ ಶೇವಂತಾಬಾಯಿ, ಚಂಪಾಬಾಯಿ, ಕಮಲಾಬಾಯಿ ಎಂಬ ಹೆಸರುಗಳು ಹಿರಿಯ ತಲೆಮಾರಿನಲ್ಲಿ ಬಳಕೆಯಲ್ಲಿವೆ. ಕನ್ನಡದ ಜಾಜಿಯೇ ಆದ ಜಾಯಿ ಎಂಬುದು ಸಂಸ್ಕೃತದ 'ಜಾತಿ' ಶಬ್ದದಿಂದಲೂ, ಜುಯಿ ಎಂಬುದು 'ಯೂಥಿಕಾ' ಶಬ್ದದಿಂದಲೂ ಬಂದವು. ಗಮನಿಸಬೇಕಾದ ಸಂಗತಿಯೆಂದರೆ, ಸಂಪಿಗೆ, ಸೇವಂತಿಗೆಗಳನ್ನು ದಿನವೂ ಮುಡಿಯುವ ಮತ್ತು ಪೂಜೆಗೆ ಏರಿಸುವ ಕನ್ನಡಿಗರು ಆ ಪದಗಳನ್ನು ಮಕ್ಕಳಿಗೆ ಇಟ್ಟದ್ದು ವಿರಳ. ಅವೇ ಹೂಗಳು ಚಂಪಾ, ಶೇವಂತಾ ಎಂಬ ನೆರೆನುಡಿಯ ರೂಪ ತಾಳಿದಾಗ ಹೆಸರುಗಳಾಗಿ ಸಲೀಸಾಗಿ ಒಪ್ಪಿಗೆಯಾದವು.

ಪಾರಸಿ ಮೂಲದ ಹೆಸರುಗಳ ಸಂಪತ್ತು ಬೀದರ ನಗರದ ಇತಿಹಾಸದೊಡನೆ ನೇರವಾಗಿ ಬೆಸೆದುಕೊಂಡಿದೆ. 15ನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ ಮೇಲೆ, ಇರಾನಿನಿಂದ ಬಂದ ಕವಿಗಳು, ವಿದ್ವಾಂಸರು ಮತ್ತು ವರ್ತಕರೊಡನೆ ಅಲ್ಲಿನ ಕಾವ್ಯದ ಹೂಗಳೂ ಇಲ್ಲಿಗೆ ಬಂದವು. 1461ರಲ್ಲಿ ಹುಮಾಯೂನ್ ಶಾ ತೀರಿಕೊಂಡಾಗ ಎಳೆಯ ಮಗನ ಪರವಾಗಿ, ಮಹಮೂದ್ ಗವಾನನನ್ನು ಒಳಗೊಂಡ ಮಂಡಳಿಯ ನೆರವಿನಿಂದ, ರಾಜ್ಯಭಾರ ವಹಿಸಿದ ರಾಣಿಯ ಹೆಸರು ನರ್ಗಿಸ್ ಬೇಗಂ. ಈ ನಾಡಿನ ಚರಿತ್ರೆಯಲ್ಲಿ ಹೂವಿನ ಹೆಸರು ಹೊತ್ತು ಆಳಿದ ಹೆಣ್ಣೆಂದು ಆಕೆಯನ್ನು ವಿಶೇಷವಾಗಿ ಸ್ಮರಿಸಬೇಕು. ನರ್ಗಿಸ್ ಎಂಬ ಹೂವನ್ನು ಪಾರಸಿ ಕವಿಗಳು ಕಣ್ಣಿಗೆ ಹೋಲಿಸುತ್ತಿದ್ದರು. ಗ್ರೀಕರ 'ನಾರ್ಕಿಸೋಸ್' ಎಂಬುದೂ ಇದೇ ಹೂವು. ಬೀದರದ ಜಂಬುಮಣ್ಣಿನಲ್ಲಿ ನರ್ಗಿಸ್ ತಾನಾಗಿ ಅರಳುವ ಗಿಡವಲ್ಲ; ಹೂವಿನ ಹೆಸರು ಹರಡಲು ತೋಟ ಬೇಕಿಲ್ಲ, ಕಾವ್ಯವಿದ್ದರೆ ಸಾಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗುಲಾಬ್ ಎಂಬ ಹೆಸರು ಗಂಡಸರಲ್ಲೂ ಹೆಂಗಸರಲ್ಲೂ ಇದೆ. 'ಗುಲ್' ಎಂದರೆ ಹೂವು, 'ಆಬ್' ಎಂದರೆ ನೀರು. ಪಾರಸಿಯಲ್ಲಿ ಪನ್ನೀರಿಗೆ ಸಲ್ಲುತ್ತಿದ್ದ ಪದ ಹಿಂದುಸ್ತಾನದಲ್ಲಿ ಹೂವಿಗೇ ಅಂಟಿಕೊಂಡಿತು. ಗುಲ್‌ನಾರ್ ದಾಳಿಂಬೆಯ ಹೂವು, ನಸ್ರೀನ್ ಕಾಡುಗುಲಾಬಿ. ಇವೆಲ್ಲಕ್ಕಿಂತ ಸೊಗಸಾದದ್ದು ನೀಲೋಫರ್ ಎಂಬ ಹೆಸರಿನ ಪಯಣ. ಕನ್ನೈದಿಲೆಯನ್ನು ಹೇಳುವ ಸಂಸ್ಕೃತದ 'ನೀಲೋತ್ಪಲ' ಶಬ್ದ ಪಶ್ಚಿಮಕ್ಕೆ ಹೋಗಿ ಪಾರಸಿಯಲ್ಲಿ 'ನೀಲೂಫರ್' ಆಗಿ, ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳ ಹೆಸರಾಗಿ ಭಾರತಕ್ಕೆ ಮರಳಿತು. ಉತ್ಪಲಾ ಮತ್ತು ನೀಲೋಫರ್ ಎಂಬಿಬ್ಬರು ಒಂದೇ ತರಗತಿಯಲ್ಲಿ ಕುಳಿತರೆ ಅವರಿಬ್ಬರದೂ ಒಂದೇ ಹೂವು.

ಬೀದರದ ಮೆಥಡಿಸ್ಟ್ ಕ್ರೈಸ್ತರಲ್ಲಿ ಬೈಬಲಿನ ಮೂಲಕ ಬಂದ ಸುಸನ್ನಾ ಎಂಬ ಹೆಸರಿಗೂ ಇಂಥದೇ ಹಿನ್ನೆಲೆಯಿದೆ: ಹೀಬ್ರೂ ಭಾಷೆಯ 'ಶೋಶನ್ನಾ' ಎಂದರೆ ಲಿಲ್ಲಿ ಹೂವು, ಅದರ ನಂಟಿನ ಪದ ಪಾರಸಿಯಲ್ಲಿ 'ಸೋಸನ್'. ಹೂವಿನ ಹೆಸರಿಡುವ ರೂಢಿ ಬೇರೆ ನಾಡುಗಳಲ್ಲೂ ಇದೆ; ಇಂಗ್ಲೆಂಡಿನಲ್ಲಿ ಡೈಸಿ, ವಯೊಲೆಟ್, ಲಿಲಿ ಮೊದಲಾದವು ವ್ಯಾಪಕವಾದದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ಜಪಾನಿನಲ್ಲಿ ಸಕುರಾ, ಅಂದರೆ ಚೆರ್ರಿ ಹೂವು, ಇಂದಿಗೂ ಹೆಣ್ಣುಮಕ್ಕಳ ಮೆಚ್ಚಿನ ಹೆಸರು.

ಹೂವಿನ ಹೆಸರು ಹೆಣ್ಣಿಗೇ ಮೀಸಲೆಂಬ ತಿಳಿವಳಿಕೆ ಪೂರ್ಣ ಸತ್ಯವಲ್ಲ. ಅರವಿಂದ, ರಾಜೀವ ಎಂಬವು ತಾವರೆಯ ಹೆಸರುಗಳು. ಕಮಲಾಕರ, ಪದ್ಮಾಕರ ಎಂದರೆ ತಾವರೆಗಳಿರುವ ಕೊಳ.

ಈಚೆಗೆ ಹುಟ್ಟಿದ ಮಕ್ಕಳಲ್ಲಿ ಹೂವಮ್ಮನೂ ಶೇವಂತಾಬಾಯಿಯೂ ಅಪರೂಪವಾಗುತ್ತಿರುವುದು ಕಳವಳದ ಸಂಗತಿ, ಏಕೆಂದರೆ ಇಂಥ ಹೆಸರುಗಳ ಕಾರಣ ಬಲ್ಲವರು ಹೆಚ್ಚಾಗಿ ಮನೆಯ ಹಿರಿಯರೇ. ಔರಾದ, ಭಾಲ್ಕಿಗಳ ಶಾಲೆಗಳು ಮಕ್ಕಳಿಂದ ಅವರವರ ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನು, ಮನೆಯಲ್ಲಿ ಕರೆಯುತ್ತಿದ್ದ ರೂಪ ಹಾಗೂ ಹೆಸರಿಟ್ಟ ಕಾರಣಗಳೊಡನೆ ಬರೆಸಿ ಕಾಪಿಡಬೇಕು. ಆ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕು.